ಒಂದು ದಿನ ಬಿಸಿ, ಒಂದು ದಿನ ಉಗುರುಬೆಚ್ಚಗೆ: ಮನೆಯ ಹೀಟ್ ಪಂಪನ್ನು ಪರೀಕ್ಷಿಸುವ ಕ್ರಮ

ಮನೆಯ ಹೀಟ್ ಪಂಪಿನ ಬಗ್ಗೆ ಮೈಸೂರಿನಲ್ಲಿ ನನಗೆ ಕೇಳಿಬರುವ ದೂರುಗಳಲ್ಲಿ ‘ನೀರು ಬಿಸಿಯಾಗುವುದೇ ಇಲ್ಲ’ ಎಂಬುದು ಕಡಿಮೆ, ‘ಒಂದೊಂದು ದಿನ ಆಗುತ್ತದೆ, ಒಂದೊಂದು ದಿನ ಆಗುವುದಿಲ್ಲ’ ಎಂಬುದೇ ಹೆಚ್ಚು. ಇವೆರಡೂ ಬೇರೆ ಬೇರೆ ದೋಷಗಳು. ಪೂರ್ತಿ ನಿಂತುಹೋದ ಯಂತ್ರದಲ್ಲಿ ಕೆಟ್ಟ ಭಾಗ ಯಾವುದೆಂದು ಒಂದು ಗಂಟೆಯಲ್ಲಿ ಕಂಡುಹಿಡಿಯಬಹುದು. ಆದರೆ ಆಗಾಗ ಕೈಕೊಡುವ ಯಂತ್ರ ಮೆಕ್ಯಾನಿಕ್ ಬಂದ ಹೊತ್ತಿಗೆ ಸರಿಯಾಗಿಯೇ ಓಡುತ್ತಿರುತ್ತದೆ. ಬಂದವರು ಏನಾದರೂ ಮಾಡಿ ಹೋಗಬೇಕಲ್ಲ, ‘ಗ್ಯಾಸ್ ಕಡಿಮೆಯಾಗಿರಬೇಕು’ ಎಂದು ಒಂದಿಷ್ಟು ಗ್ಯಾಸ್ ತುಂಬಿಸಿ ಹಣ ಪಡೆದು ಹೋಗುತ್ತಾರೆ. ಹತ್ತು ದಿನ ಕಳೆದ ಮೇಲೆ ದೂರು ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ. ಗ್ಯಾಸಿನ ಕೊಳವೆಗೆ ಕೈಹಾಕುವ ಮೊದಲು ನೀರನ್ನು ನೋಡಿ, ಹೊತ್ತನ್ನು ನೋಡಿ, ಗಾಳಿಯನ್ನು ನೋಡಿ, ಕರೆಂಟನ್ನು ನೋಡಿ ಎಂಬುದನ್ನೇ ನಾನು ಇಂದು ನಿಮಗೆ ಒತ್ತಿ ಹೇಳಬೇಕೆಂದಿದ್ದೇನೆ. ಅಸ್ಥಿರ ಬಿಸಿಯ ಕಾರಣ ಬಹುಪಾಲು ಈ ನಾಲ್ಕರಲ್ಲೇ ಸಿಗುತ್ತದೆ.

ಯಂತ್ರ ಮಾಡುವ ಕೆಲಸವೇನೆಂಬುದನ್ನು ಮೊದಲು ಚುಟುಕಾಗಿ ನೋಡೋಣ. ಗೀಸರ್ ಒಂದು ಯೂನಿಟ್ ಕರೆಂಟನ್ನು ಒಂದು ಯೂನಿಟ್ ಶಾಖವನ್ನಾಗಿ ಮಾರ್ಪಡಿಸುತ್ತದೆ, ಅದಕ್ಕಿಂತ ಹೆಚ್ಚು ಕೊಡಲು ಅದಕ್ಕೆ ಸಾಧ್ಯವಿಲ್ಲ. ಹೀಟ್ ಪಂಪ್ ಶಾಖವನ್ನು ಉತ್ಪಾದಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎತ್ತಿ ನೀರಿಗೆ ಹಾಕುತ್ತದೆ. ನಿಮ್ಮ ಮನೆಯ ಮೋಟಾರು ಸಂಪಿನ ನೀರನ್ನು ಮೇಲಿನ ಟ್ಯಾಂಕಿಗೆ ಎತ್ತುವಂತೆಯೇ ಇದೂ. ಎತ್ತಬೇಕಾದ ಎತ್ತರ ಹೆಚ್ಚಿದಷ್ಟೂ ಶ್ರಮ ಹೆಚ್ಚು, ಸಂಪಿನಲ್ಲಿ ನೀರು ಕಡಿಮೆಯಿದ್ದಷ್ಟೂ ಸಿಗುವುದು ಕಡಿಮೆ. ಲಾರ್ಡ್ ಕೆಲ್ವಿನ್ ಎಂದು ಮುಂದೆ ಹೆಸರಾದ ವಿಲಿಯಂ ಥಾಮ್ಸನ್ 1852ರಲ್ಲೇ ಈ ತತ್ತ್ವವನ್ನು ಕಟ್ಟಡಗಳನ್ನು ಬೆಚ್ಚಗಿಡಲು ಬಳಸಬಹುದೆಂದು ಬರೆದಿದ್ದರು. ಇಂದಿನ ಯಂತ್ರದಲ್ಲಿ ಆರ್ 134ಎ ಎಂಬಂಥ ದ್ರವವೊಂದು ಸುತ್ತುತ್ತಿರುತ್ತದೆ, ಮೆಕ್ಯಾನಿಕ್ಕುಗಳು ‘ಗ್ಯಾಸ್’ ಎನ್ನುವುದು ಇದನ್ನೇ. ವಾತಾವರಣದ ಒತ್ತಡದಲ್ಲಿ ಅದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಆದ್ದರಿಂದಲೇ ನಮಗೆ ಚಳಿಯೆನಿಸುವ ಗಾಳಿಯಿಂದಲೂ ಅದು ಶಾಖ ಹೀರಿಕೊಳ್ಳಬಲ್ಲದು. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ನೀರಿಗೆ ಸೇರಿದರೆ ಯಂತ್ರ ಚೆನ್ನಾಗಿದೆ ಎಂದರ್ಥ. ಈ ‘ಮೂರು’ ಎಂಬ ಸಂಖ್ಯೆ ನೆನಪಿನಲ್ಲಿರಲಿ, ಕೊನೆಯಲ್ಲಿ ಅದನ್ನು ನಿಮ್ಮ ಮನೆಯ ಮೀಟರಿನಲ್ಲೇ ಅಳೆಯುವ ಬಗೆಯನ್ನು ಹೇಳುತ್ತೇನೆ.

ಮೊದಲನೆಯದು ನೀರು. ಯಂತ್ರದಲ್ಲಿ ಯಾವ ದೋಷವೂ ಇಲ್ಲದೆ ಬಿಸಿನೀರು ಸಾಲದೇ ಹೋಗುವುದು ಹೇಗೆಂದು ಒಂದು ಲೆಕ್ಕದಿಂದ ತೋರಿಸುತ್ತೇನೆ. 200 ಲೀಟರಿನ ತೊಟ್ಟಿಯಲ್ಲಿ ನೀರು 55 ಡಿಗ್ರಿಗೆ ಕಾದಿದೆ ಎಂದುಕೊಳ್ಳಿ. ಬಿಸಿನೀರು ಹೊರಹೋದಂತೆ ಕೆಳಗಿನಿಂದ ತಣ್ಣೀರು ಒಳಬಂದು ಬೆರೆಯುವುದರಿಂದ ನಿಜವಾಗಿ ಕೈಗೆ ಸಿಗುವುದು ಸುಮಾರು 160 ಲೀಟರ್. ಸ್ನಾನಕ್ಕೆ 40 ಡಿಗ್ರಿಯ ನೀರು ಸಾಕು. ಏಪ್ರಿಲಿನಲ್ಲಿ ತಾರಸಿಯ ಮೇಲಿನ ಕಪ್ಪು ಟ್ಯಾಂಕಿನ ನೀರೇ 32 ಡಿಗ್ರಿ ಇರುವಾಗ, ಈ 160 ಲೀಟರಿಗೆ ತಣ್ಣೀರು ಬೆರೆಸಿದರೆ 20 ಲೀಟರಿನ ಬಕೆಟ್ಟುಗಳು ಇಪ್ಪತ್ತಮೂರು ತುಂಬುತ್ತವೆ. ಜನವರಿಯ ಬೆಳಗಿನ ಜಾವ ಅದೇ ಟ್ಯಾಂಕಿನ ನೀರು 18 ಡಿಗ್ರಿಗೆ ಇಳಿದಿರುವಾಗ ತುಂಬುವುದು ಹದಿಮೂರು ಮಾತ್ರ. ಯಂತ್ರ ಅದೇ, ತೊಟ್ಟಿ ಅದೇ, ಪರದೆಯ ಮೇಲೆ ಕಾಣುವ 55 ಎಂಬ ಅಂಕಿಯೂ ಅದೇ. ಬೇಸಿಗೆಯಲ್ಲಿ ಧಾರಾಳವಾಗಿದ್ದ ನೀರು ಚಳಿಗಾಲದಲ್ಲಿ ಐದನೆಯವರಿಗೆ ತಣ್ಣಗಾಯಿತು ಎಂದರೆ ಅದನ್ನು ಯಂತ್ರದ ದೋಷವೆಂದು ಕರೆಯಬಾರದು.

ಇದಕ್ಕೆ ನಮ್ಮ ಬಳಕೆಯ ರೀತಿಯನ್ನೂ ಸೇರಿಸಿಕೊಳ್ಳಿ. ಸರಸ್ವತಿಪುರದ ಒಂದು ಮನೆಯಲ್ಲಿ ಭಾನುವಾರಗಳಂದು ಮಾತ್ರ ನೀರು ತಣ್ಣಗಿರುತ್ತಿತ್ತು. ವಾರದ ದಿನಗಳಲ್ಲಿ ಒಬ್ಬರಾದ ಮೇಲೊಬ್ಬರು ಮೂರು ಗಂಟೆಗಳ ಅಂತರದಲ್ಲಿ ಸ್ನಾನ ಮಾಡುತ್ತಿದ್ದವರು, ಭಾನುವಾರ ಎಲ್ಲರೂ ಒಟ್ಟಿಗೆ ಎದ್ದು, ಎರಡು ಬಚ್ಚಲುಗಳಲ್ಲಿ ಏಕಕಾಲಕ್ಕೆ ತಲೆಗೆ ನೀರು ಹಾಕಿಕೊಳ್ಳುತ್ತಿದ್ದರು. ಮೂರು ಗಂಟೆಗಳ ಅಂತರದಲ್ಲಿ ಯಂತ್ರ ಮತ್ತೆ ಮುಕ್ಕಾಲು ತೊಟ್ಟಿ ಕಾಯಿಸಿಕೊಳ್ಳುತ್ತಿತ್ತು, ಭಾನುವಾರ ಅದಕ್ಕೆ ಆ ಬಿಡುವೇ ಸಿಗುತ್ತಿರಲಿಲ್ಲ. ನರಕ ಚತುರ್ದಶಿಯ ಎಣ್ಣೆಸ್ನಾನದ ದಿನ ಎಷ್ಟೋ ಮನೆಗಳಿಂದ ಕರೆಗಳು ಬರುವುದೂ ಇದರಿಂದಲೇ. ನೀರು ತುಂಬುವ ಹಬ್ಬದ ಸಂಜೆ ಹಂಡೆ ತೊಳೆದು ತುಂಬಿಸಿಡುವ ನಮ್ಮ ಪದ್ಧತಿಯಲ್ಲಿ ಮರುದಿನ ಎಷ್ಟು ಜನಕ್ಕೆ ಎಷ್ಟು ನೀರು ಬೇಕೆಂಬ ಅಂದಾಜು ಸೇರಿಯೇ ಇತ್ತು. ತೊಟ್ಟಿಯ ಗಾತ್ರ ಕಣ್ಣಿಗೆ ಕಾಣದೆ ಗೋಡೆಯ ಹಿಂದೆ ಸೇರಿದ ಮೇಲೆ ಆ ಅಂದಾಜು ತಪ್ಪಿಹೋಗಿದೆ.

ನೀರಿನ ಬದಿಯ ಇನ್ನೊಂದು ದೋಷವನ್ನು ನಾನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ಪತ್ತೆಹಚ್ಚಲಾಗದೆ ಯಂತ್ರವನ್ನೇ ಬದಲಿಸಿದವರಿದ್ದಾರೆ. ತೊಟ್ಟಿಯ ಮೇಲೆ 55 ಡಿಗ್ರಿ ಎಂದು ತೋರಿಸುತ್ತದೆ, ನಲ್ಲಿಯಲ್ಲಿ ಮಾತ್ರ ಉಗುರುಬೆಚ್ಚಗಿನ ನೀರು ಬರುತ್ತದೆ, ಅದೂ ಕೆಲವು ಹೊತ್ತಿನಲ್ಲಿ. ಈಚಿನ ಮನೆಗಳಲ್ಲಿ ಮೇಲಿನ ಟ್ಯಾಂಕಿನಿಂದ ಬರುವ ತಣ್ಣೀರಿನ ಕೊಳವೆಗೆ ಪ್ರೆಷರ್ ಪಂಪ್ ಹಾಕಿರುತ್ತಾರೆ, ಬಿಸಿನೀರಿನ ತೊಟ್ಟಿಗೆ ಮಾತ್ರ ಗುರುತ್ವದ ಒತ್ತಡದಿಂದಲೇ ನೀರು ಬರುತ್ತಿರುತ್ತದೆ. ಬಚ್ಚಲಿನ ಮಿಕ್ಸರಿನಲ್ಲಿ ಬಿಸಿ ಮತ್ತು ತಣ್ಣೀರಿನ ಎರಡೂ ತಿರುಗಣೆಗಳನ್ನು ತೆರೆದೇ ಬಿಟ್ಟು, ಕೈಶವರಿನ ಗುಂಡಿಯಿಂದ ಮಾತ್ರ ನೀರು ನಿಲ್ಲಿಸುವ ಅಭ್ಯಾಸ ಅನೇಕರಿಗಿದೆ. ಆಗ ಮಿಕ್ಸರಿನೊಳಗೆ ಎರಡು ಕೊಳವೆಗಳೂ ಒಂದಾಗುತ್ತವೆ, ಒತ್ತಡ ಹೆಚ್ಚಿರುವ ತಣ್ಣೀರು ಬಿಸಿನೀರಿನ ಕೊಳವೆಗೆ ನುಗ್ಗುತ್ತದೆ. ಕೆಳಗಿನ ಮನೆಯ ಬಚ್ಚಲಲ್ಲಿ ಬಿಸಿ ನಲ್ಲಿ ತೆರೆದವರಿಗೆ ತೊಟ್ಟಿಯ ನೀರು ಬರುವ ಬದಲು ಮೇಲಿನ ಬಚ್ಚಲಿನ ತಣ್ಣೀರು ಬರುತ್ತದೆ. ಮೇಲೆ ಯಾರೋ ಮಿಕ್ಸರನ್ನು ಪೂರ್ತಿ ಮುಚ್ಚಿದ ದಿನ ಎಲ್ಲವೂ ಸರಿಹೋಗುತ್ತದೆ. ಬೋಗಾದಿಯ ಒಂದು ಮನೆಯಲ್ಲಿ ಇದೇ ಕಾರಣಕ್ಕೆ ಮೇಲಿನ ಮನೆಯ ಬಾಡಿಗೆದಾರರು ಊರಿಗೆ ಹೋದಾಗಲೆಲ್ಲ ಹೀಟ್ ಪಂಪ್ ‘ತಾನೇ ರಿಪೇರಿ’ಯಾಗುತ್ತಿತ್ತು.

ಇದನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ತೊಟ್ಟಿಗೆ ತಣ್ಣೀರು ಒಳಬರುವ ಕವಾಟವನ್ನು ಮುಚ್ಚಿ, ಮನೆಯ ಯಾವುದಾದರೂ ಬಿಸಿ ನಲ್ಲಿಯೊಂದನ್ನು ತೆರೆಯಿರಿ. ಕೊಳವೆಯಲ್ಲಿ ಉಳಿದಿದ್ದಷ್ಟು ನೀರು ಬಂದು ನಿಲ್ಲಬೇಕು. ನಿಲ್ಲದೆ ಹರಿಯುತ್ತಲೇ ಇದ್ದರೆ ಎಲ್ಲೋ ಒಂದು ಕಡೆ ತಣ್ಣೀರು ದಾಟಿ ಬರುತ್ತಿದೆ ಎಂದು ಖಚಿತವಾಯಿತು. ಬಳಿಕ ಒಂದೊಂದೇ ಬಚ್ಚಲಿನ ಮಿಕ್ಸರಿನ ಕೆಳಗಿರುವ ಆಂಗಲ್ ಕಾಕುಗಳನ್ನು ಮುಚ್ಚುತ್ತ ಹೋದರೆ ಯಾವುದನ್ನು ಮುಚ್ಚಿದಾಗ ಹರಿವು ನಿಂತಿತೋ ದೋಷ ಅಲ್ಲಿದೆ. ಬಿಸಿ ಮತ್ತು ತಣ್ಣೀರಿಗೆ ಒಂದೇ ಒತ್ತಡ ಸಿಗುವಂತೆ ಪ್ರೆಷರ್ ಪಂಪಿನ ನಂತರವೇ ತೊಟ್ಟಿಗೆ ಸಂಪರ್ಕ ಕೊಡುವುದು ಇದಕ್ಕೆ ಸರಿಯಾದ ಪರಿಹಾರ. ಆದರೆ ತೊಟ್ಟಿ ಆ ಒತ್ತಡವನ್ನು ತಾಳುವಂಥದ್ದೇ ಎಂದು ಅದರ ಫಲಕ ನೋಡಿ ತಿಳಿಯದೆ ಹೀಗೆ ಮಾಡಬಾರದು. ತಾಳದಿದ್ದರೆ ಮಿಕ್ಸರುಗಳಿಗೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಹಾಕಿಸುವುದೇ ದಾರಿ.

ದೂರದ ಬಚ್ಚಲಿನ ಮಾತು ಬೇರೆ. ತೊಟ್ಟಿಯಿಂದ 15 ಮೀಟರ್ ದೂರಕ್ಕೆ ಮುಕ್ಕಾಲು ಇಂಚಿನ ಕೊಳವೆ ಎಳೆದಿದ್ದರೆ ಅದರೊಳಗೆ ಸುಮಾರು ನಾಲ್ಕು ಲೀಟರ್ ನೀರು ನಿಂತಿರುತ್ತದೆ, ಅಷ್ಟೂ ಹೋಗುವವರೆಗೆ ಬಿಸಿ ಬರುವುದಿಲ್ಲ. ಅದನ್ನು ಕಾಯಲಾಗದೆ ಕೆಲವರು ಬಿಸಿನೀರನ್ನು ಕೊಳವೆಯಲ್ಲಿ ಸದಾ ಸುತ್ತಿಸುವ ಸಣ್ಣ ಪಂಪ್ ಹಾಕಿಸುತ್ತಾರೆ. ಹೊದಿಕೆಯಿಲ್ಲದ ಕೊಳವೆಯಲ್ಲಿ ಇಡೀ ರಾತ್ರಿ ಹಾಗೆ ಸುತ್ತಿದರೆ ಬೆಳಿಗ್ಗೆಗೆ ತೊಟ್ಟಿಯೇ ತಣ್ಣಗಾಗಿರುತ್ತದೆ. ಸುತ್ತು ಪಂಪಿಗೆ ಟೈಮರ್, ಕೊಳವೆಗೆ ಹೊದಿಕೆ, ಇವೆರಡೂ ಇಲ್ಲದ ಮನೆಯಲ್ಲಿ ಅದು ಇರಲೇಬಾರದು ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ಹೊತ್ತು. 200 ಲೀಟರ್ ನೀರನ್ನು 22ರಿಂದ 55 ಡಿಗ್ರಿಗೆ ಏರಿಸಲು ಸುಮಾರು 7.7 ಯೂನಿಟ್ ಶಾಖ ಬೇಕು. ನೀರಿಗೆ 2 ಕಿಲೋವ್ಯಾಟ್ ಶಾಖ ಕೊಡುವ ಯಂತ್ರಕ್ಕೆ ಇದಕ್ಕೆ ನಾಲ್ಕು ಗಂಟೆ ಹಿಡಿಯುತ್ತದೆ. ಚಳಿಗಾಲದ ನಸುಕಿನಲ್ಲಿ ನೀರೂ ತಣ್ಣಗೆ, ಗಾಳಿಯೂ ತಣ್ಣಗೆ ಇರುವುದರಿಂದ ಅದೇ ಕೆಲಸಕ್ಕೆ ಐದು ಗಂಟೆ ಬೇಕಾಗಬಹುದು. ಗೀಸರಿನ ಅಭ್ಯಾಸವಿರುವವರು ನಾಲ್ಕು ಗಂಟೆಗೆ ಟೈಮರ್ ಇಟ್ಟು ಆರು ಗಂಟೆಗೆ ಸ್ನಾನಕ್ಕೆ ಇಳಿಯುತ್ತಾರೆ, ಹೀಟ್ ಪಂಪಿಗೆ ಆ ಲೆಕ್ಕ ಹೊಂದುವುದಿಲ್ಲ. ಮಧ್ಯಾಹ್ನ ಒಂದರಿಂದ ಐದು ಗಂಟೆಯವರೆಗೆ, ಗಾಳಿ ಅತ್ಯಂತ ಬೆಚ್ಚಗಿರುವಾಗ ಅದನ್ನು ಓಡಿಸಿ. ಕರೆಂಟೂ ಕಡಿಮೆ ಖರ್ಚಾಗುತ್ತದೆ, ಒಳ್ಳೆಯ ಹೊದಿಕೆಯ ತೊಟ್ಟಿಯಲ್ಲಿ ಬೆಳಗಿನವರೆಗೆ ಬಿಸಿಯೂ ಉಳಿಯುತ್ತದೆ. ಉಳಿಯುತ್ತದೆಯೇ ಎಂದು ನೋಡಲು ರಾತ್ರಿ ಕೊನೆಯ ಬಳಕೆಯ ನಂತರ ಪರದೆಯ ಅಂಕಿಯನ್ನು ಬರೆದಿಟ್ಟು, ಬೆಳಿಗ್ಗೆ ನೀರು ಮುಟ್ಟುವ ಮೊದಲು ಮತ್ತೆ ನೋಡಿ. ಮೂರು ನಾಲ್ಕು ಡಿಗ್ರಿ ಇಳಿದಿದ್ದರೆ ಸಹಜ. ಹತ್ತು ಡಿಗ್ರಿ ಇಳಿದಿದ್ದರೆ ನೀರು ಎಲ್ಲಿಗೋ ಹಿಮ್ಮುಖವಾಗಿ ಹರಿಯುತ್ತಿದೆ ಅಥವಾ ಎಲ್ಲೋ ಬಿಸಿ ನಲ್ಲಿ ಸೋರುತ್ತಿದೆ.

ಟೈಮರಿನ ಇನ್ನೊಂದು ತೊಡಕನ್ನು ಮಂಡ್ಯದ ಹೊರವಲಯದ ಮನೆಯೊಂದರಲ್ಲಿ ಕಂಡೆ. ಅಲ್ಲಿ ಮುಳ್ಳು ತಿರುಗುವ ಹಳೆಯ ಬಗೆಯ ಟೈಮರ್ ಇತ್ತು, ಅದಕ್ಕೆ ಬ್ಯಾಟರಿ ಇರಲಿಲ್ಲ. ಕರೆಂಟ್ ಹೋದಷ್ಟು ಹೊತ್ತು ಅದೂ ನಿಲ್ಲುತ್ತಿತ್ತು, ಬಂದಾಗ ನಿಂತಲ್ಲಿಂದಲೇ ಮುಂದುವರಿಯುತ್ತಿತ್ತು. ಒಂದು ತಿಂಗಳಿನಲ್ಲಿ ಅದು ಗೋಡೆ ಗಡಿಯಾರಕ್ಕಿಂತ ಹಲವು ಗಂಟೆ ಹಿಂದೆ ಬಿದ್ದು, ಮಧ್ಯಾಹ್ನ ಓಡಬೇಕಾದ ಯಂತ್ರ ರಾತ್ರಿ ಓಡುತ್ತಿತ್ತು. ಮನೆಯವರು ಅದನ್ನು ಯಂತ್ರದ ಮನಸೋ ಇಚ್ಛೆ ಎಂದೇ ತಿಳಿದಿದ್ದರು. ನಿಮ್ಮ ಟೈಮರಿನ ಮುಳ್ಳು ಸರಿಯಾದ ಹೊತ್ತನ್ನೇ ತೋರಿಸುತ್ತಿದೆಯೇ ಎಂದು ಇಂದು ಮನೆಗೆ ಹೋದ ಕೂಡಲೇ ನೋಡಿಬಿಡಿ. ಸೋಲಾರ್ ಜೊತೆಗೆ ಹೀಟ್ ಪಂಪ್ ಜೋಡಿಸಿರುವವರಿಗೂ ಹೊತ್ತು ಮುಖ್ಯ: ಬೆಳಿಗ್ಗೆಯೇ ಪಂಪ್ ನೀರನ್ನು ಕಾಯಿಸಿಬಿಟ್ಟರೆ ಬಿಸಿಲಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಅಂಥ ಮನೆಗಳಲ್ಲಿ ಅದು ಮಧ್ಯಾಹ್ನ ಮೂರರ ನಂತರ, ಬಿಸಿಲು ಕೊಟ್ಟಷ್ಟು ಕೊಟ್ಟ ಮೇಲೆ, ಉಳಿದದ್ದನ್ನು ತುಂಬಲು ಮಾತ್ರ ಓಡಬೇಕು.

ಮೂರನೆಯದು ಗಾಳಿ. ಶಾಖ ಬರುವುದೇ ಗಾಳಿಯಿಂದ ಎಂದಮೇಲೆ ಯಂತ್ರಕ್ಕೆ ಹೊಸ ಗಾಳಿ ಸಿಗುತ್ತಲೇ ಇರಬೇಕು. ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ ಅದನ್ನು ಇಟ್ಟು, ಮಳೆ ಬರುತ್ತದೆಂದು ಗಾಜು ಹಾಕಿಸಿ ಮುಚ್ಚಿದ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಯಂತ್ರ ಬಿಟ್ಟ ತಂಗಾಳಿ ಅದೇ ಕೋಣೆಯಲ್ಲಿ ತುಂಬಿಕೊಂಡು ಮತ್ತೆ ಯಂತ್ರಕ್ಕೇ ಹೋಗುತ್ತದೆ. ಕಿಟಕಿ ತೆರೆದ ದಿನ ನೀರು ಕಾಯುತ್ತದೆ, ಮುಚ್ಚಿದ ದಿನ ಕಾಯುವುದಿಲ್ಲ. ಒಗೆದ ಬಟ್ಟೆಯ ನೂಲು, ಧೂಳು, ಜೇಡರಬಲೆಗಳು ಹಿಂಬದಿಯ ತೆಳು ಲೋಹದ ರೆಕ್ಕೆಗಳ ನಡುವೆ ಕಟ್ಟಿಕೊಂಡರೂ ಪರಿಣಾಮ ಅದೇ. ಕರೆಂಟನ್ನು ಪೂರ್ತಿ ತೆಗೆದು, ಮೃದುವಾದ ಬ್ರಷ್ಷಿನಿಂದ ರೆಕ್ಕೆಗಳು ಮಡಚದಂತೆ ಮೇಲಿನಿಂದ ಕೆಳಕ್ಕೆ ಗುಡಿಸಬೇಕು. ಕಾರು ತೊಳೆಯುವ ಒತ್ತಡದ ನೀರು ಬೇಡ.

ಇಲ್ಲಿ ನಮ್ಮ ಊರಿಗೇ ಸಂಬಂಧಿಸಿದ ಒಂದು ಮಾತು. ಚಳಿದೇಶಗಳಲ್ಲಿ ಬರೆದ ಕೈಪಿಡಿಗಳು ಅಸ್ಥಿರ ಬಿಸಿಗೆ ಮೊದಲ ಕಾರಣವಾಗಿ ಗಾಳಿಯಿಂದ ಶಾಖ ಹೀರುವ ಕೊಳವೆಯ ಸುರುಳಿಯ ಮೇಲೆ ಹಿಮ ಕಟ್ಟುವುದನ್ನು ಹೇಳುತ್ತವೆ. ಹೊರಗಿನ ಗಾಳಿ ಐದಾರು ಡಿಗ್ರಿಗೆ ಇಳಿಯುವ ಊರುಗಳಲ್ಲಿ ಅದು ನಿತ್ಯದ ಸಂಗತಿ, ಅದನ್ನು ಕರಗಿಸಲೆಂದೇ ಯಂತ್ರ ಆಗಾಗ ಹಿಮ್ಮುಖವಾಗಿ ಓಡುತ್ತದೆ. ಮೈಸೂರಿನ ಚಳಿಗಾಲದ ನಸುಕು ಸಾಮಾನ್ಯವಾಗಿ ಹದಿನೈದು ಡಿಗ್ರಿಯ ಆಸುಪಾಸಿನದು. ಇಲ್ಲಿ ಸುರುಳಿಯಿಂದ ನೀರು ತೊಟ್ಟಿಕ್ಕುವುದು ಸಹಜ, ಅದು ಗಾಳಿಯ ತೇವ, ಸೋರಿಕೆಯಲ್ಲ. ಆದರೆ ಇಲ್ಲಿ ಸುರುಳಿಯ ಮೇಲೆ ಬಿಳಿ ಹಿಮ ಕಂಡರೆ ಹವಾಮಾನವನ್ನು ದೂರಬೇಡಿ. ಒಂದೋ ಗಾಳಿ ಹರಿಯುತ್ತಿಲ್ಲ, ಇಲ್ಲವೇ ಗ್ಯಾಸ್ ನಿಜವಾಗಿಯೇ ಕಡಿಮೆಯಾಗಿದೆ. ಹಿಮ ಸುರುಳಿಯ ಒಂದು ತುದಿಯಲ್ಲಿ ಮಾತ್ರ ಇದ್ದು ಉಳಿದ ಭಾಗ ಬೆಚ್ಚಗೆ ಒಣಗಿದ್ದರೆ ಗ್ಯಾಸಿನ ಅನುಮಾನ ಬಲವಾಗುತ್ತದೆ. ಫ್ಯಾನಿಗೆ ಹೋಗುವ ಗಾಳಿಯನ್ನೂ ಅದು ಹೊರಬಿಡುವ ಗಾಳಿಯನ್ನೂ ಒಂದೇ ಥರ್ಮಾಮೀಟರಿನಿಂದ ಅಳೆದರೆ ಇನ್ನೂ ಸ್ಪಷ್ಟ: ಯಂತ್ರ ಓಡಲಾರಂಭಿಸಿ ಕಾಲು ಗಂಟೆಯಾದ ಮೇಲೂ ವ್ಯತ್ಯಾಸ ಒಂದೆರಡು ಡಿಗ್ರಿ ಮಾತ್ರ ಇದ್ದರೆ, ಫ್ಯಾನ್ ತಿರುಗುತ್ತಿದ್ದರೂ ಶಾಖ ಸಾಗುತ್ತಿಲ್ಲ.

ನಾಲ್ಕನೆಯದು ಕರೆಂಟು. 230 ವೋಲ್ಟಿಗಿಂತ ತೀರ ಕೆಳಗಿಳಿದರೆ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಹೆಚ್ಚು ಆಂಪಿಯರ್ ಎಳೆದು, ಬಿಸಿಯಾಗಿ, ತನ್ನ ರಕ್ಷಣೆಗೆ ತಾನೇ ನಿಲ್ಲುತ್ತದೆ. ತಣ್ಣಗಾದ ಮೇಲೆ ಮತ್ತೆ ಹೊರಡುತ್ತದೆ. ನಿಂತ ಕೂಡಲೇ ಮತ್ತೆ ಶುರುವಾಗದಂತೆ ಅದರೊಳಗೆ ಕೆಲವು ನಿಮಿಷಗಳ ತಡೆಯೂ ಇರುತ್ತದೆ. ಅದನ್ನು ಅರಿಯದೆ ಸ್ವಿಚ್ಚನ್ನು ಮೇಲೆ ಕೆಳಗೆ ಮಾಡಿದಷ್ಟೂ ಆ ತಡೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಶಕ್ತಿಗುಂದಿದ ಫ್ಯಾನ್ ಕೆಪಾಸಿಟರ್, ಸಡಿಲವಾದ ತಂತಿಯ ತುದಿ, ಕಂಪ್ರೆಸರಿಗೆ ಕರೆಂಟ್ ಕೊಡುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಸುಟ್ಟಿರುವುದು, ಅದರೊಳಗೆ ಸಿಕ್ಕಿ ಸತ್ತ ಹಲ್ಲಿ ಇವೆಲ್ಲ ಒಂದು ದಿನ ಬಿಟ್ಟು ಒಂದು ದಿನ ತೊಂದರೆ ಕೊಡುವಂಥವು. ಇವನ್ನು ಮುಟ್ಟುವ ಕೆಲಸ ಎಲೆಕ್ಟ್ರಿಷಿಯನ್ನರದು. ನೀರೂ ಕರೆಂಟೂ ಸೇರುವ ಜಾಗವಾದ್ದರಿಂದ ಅರ್ಥಿಂಗ್ ಮತ್ತು ಕರೆಂಟ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಇಲ್ಲದ ಸಂಪರ್ಕದಲ್ಲಿ ಈ ಯಂತ್ರ ಇರಕೂಡದು, ಈ ವಿಷಯದಲ್ಲಿ ರಾಜಿಯಿಲ್ಲ.

ಕೆಲವು ಯಂತ್ರಗಳು 48, 50 ಡಿಗ್ರಿಯವರೆಗೆ ಚೆನ್ನಾಗಿ ಓಡಿ ಅಲ್ಲಿ ನಿಂತುಬಿಡುತ್ತವೆ. ಕಾವೇರಿ ನೀರು ಬರುವ ಬಡಾವಣೆಗಳಿಗಿಂತ ಬೋರ್‌ವೆಲ್ ನೀರನ್ನೇ ನಂಬಿರುವ ಬಡಾವಣೆಗಳಲ್ಲಿ ಇದು ಹೆಚ್ಚು. ಗಡಸು ನೀರಿನ ಸುಣ್ಣ ಶಾಖ ಬಿಟ್ಟುಕೊಡುವ ಕೊಳವೆಗಳ ಮೇಲೆ ಪದರವಾಗಿ ಕೂತು, ಗ್ಯಾಸಿನ ಶಾಖ ನೀರಿಗೆ ಇಳಿಯದಂತೆ ತಡೆಯುತ್ತದೆ. ಒಳಗಿನ ಒತ್ತಡ ಏರಿ ಸುರಕ್ಷತೆಯ ಸ್ವಿಚ್ ಯಂತ್ರವನ್ನು ನಿಲ್ಲಿಸುತ್ತದೆ. ನೀರನ್ನು ಸುತ್ತಿಸಿ ಕಾಯಿಸುವ ಬಗೆಯಲ್ಲಾದರೆ ನೀರಿನ ಕಸ ತಡೆಯುವ ವೈ ಸ್ಟ್ರೈನರಿನ ಜಾಲರಿಯಲ್ಲಿ ಮರಳು ಕಟ್ಟಿಕೊಂಡಾಗಲೂ ಹೀಗೇ ಆಗುತ್ತದೆ. ಜಾಲರಿಯನ್ನು ತೊಳೆಯಲು ಹತ್ತು ನಿಮಿಷ ಸಾಕು, ಅದನ್ನು ಮೊದಲು ಮಾಡಿ. ಸುಣ್ಣವನ್ನು ಸಿಟ್ರಿಕ್ ಆಮ್ಲದ ದ್ರಾವಣ ಸುತ್ತಿಸಿ ಬಿಡಿಸಬೇಕಾಗುತ್ತದೆ, ಅದು ತಿಳಿದವರ ಕೈಯಲ್ಲೇ ಆಗಲಿ. ತೊಟ್ಟಿಯ ಸೆನ್ಸರ್ ತನ್ನ ಗೂಡಿನಿಂದ ಜಾರಿದ್ದರೂ ಅಂಕಿ ಒಂದು, ನೀರು ಇನ್ನೊಂದು ಎಂಬಂತಾಗುತ್ತದೆ. ಸಮೀಪದ ನಲ್ಲಿಯ ನೀರನ್ನು ಥರ್ಮಾಮೀಟರಿನಲ್ಲಿ ಅಳೆದು ಪರದೆಯ ಅಂಕಿಯೊಂದಿಗೆ ಹೋಲಿಸಿದರೆ ತಿಳಿಯುತ್ತದೆ.

ಈಗ ಆ ‘ಮೂರು’ ಎಂಬ ಸಂಖ್ಯೆಗೆ ಬರೋಣ. ಯಾರೂ ನೀರು ಬಳಸದ ಮಧ್ಯಾಹ್ನವೊಂದರಲ್ಲಿ, ಮನೆಯ ದೊಡ್ಡ ಉಪಕರಣಗಳನ್ನೆಲ್ಲ ನಿಲ್ಲಿಸಿ, ಕರೆಂಟ್ ಮೀಟರಿನ ಅಂಕಿಯನ್ನೂ ತೊಟ್ಟಿಯ ಉಷ್ಣತೆಯನ್ನೂ ಬರೆದಿಟ್ಟು ಯಂತ್ರವನ್ನು ಓಡಿಸಿ. ಅದು ತಾನಾಗಿ ನಿಂತ ಮೇಲೆ ಎರಡನ್ನೂ ಮತ್ತೆ ಬರೆಯಿರಿ. ತೊಟ್ಟಿಯ ಲೀಟರನ್ನು ಏರಿದ ಡಿಗ್ರಿಯಿಂದ ಗುಣಿಸಿ, 860ರಿಂದ ಭಾಗಿಸಿದರೆ ನೀರಿಗೆ ಸೇರಿದ ಶಾಖ ಯೂನಿಟ್ಟಿನಲ್ಲಿ ಸಿಗುತ್ತದೆ. 200 ಲೀಟರ್ 30 ಡಿಗ್ರಿ ಏರಿದರೆ ಸುಮಾರು 7 ಯೂನಿಟ್. ಮೀಟರಿನಲ್ಲಿ ಓಡಿದ್ದು ಎರಡೂಕಾಲು, ಎರಡೂವರೆ ಯೂನಿಟ್ ಆಗಿದ್ದರೆ ಯಂತ್ರ ಆರೋಗ್ಯವಾಗಿದೆ, ದೋಷವನ್ನು ಬಚ್ಚಲು ಮತ್ತು ಟೈಮರಿನ ಕಡೆ ಹುಡುಕಿ. ಏಳರ ಹತ್ತಿರ ಓಡಿದ್ದರೆ ನೀರನ್ನು ಕಾಯಿಸಿದ್ದು ಹೀಟ್ ಪಂಪ್ ಅಲ್ಲ, ತೊಟ್ಟಿಯೊಳಗೆ ಹೆಚ್ಚುವರಿಯಾಗಿ ಇಟ್ಟಿರುವ ವಿದ್ಯುತ್ ಕಾಯಿಲು. ಪಂಪ್ ಎಂದೋ ನಿಂತಿದೆ, ಕಾಯಿಲು ಹೊತ್ತಿದ ದಿನ ಬಿಸಿ, ಹೊತ್ತದ ದಿನ ತಣ್ಣೀರು. ಎಷ್ಟೋ ಮನೆಗಳಲ್ಲಿ ಈ ಸ್ಥಿತಿ ಬಿಲ್ಲು ಏರಿದ ಮೇಲೆಯೇ ಗೊತ್ತಾಗುತ್ತದೆ.

ಇಷ್ಟನ್ನೂ ನೋಡಿದ ಮೇಲೂ ಕಾರಣ ಸಿಗದಿದ್ದರೆ ಆಗ ಗ್ಯಾಸಿನ ಮಾತು. ಬೆಸುಗೆ ಹಾಕಿ ಮುಚ್ಚಿದ ಕೊಳವೆಗಳಲ್ಲಿ ಗ್ಯಾಸ್ ಬಳಕೆಯಿಂದ ಸವೆಯುವುದಿಲ್ಲ, ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರಿಕೆಯ ಲಕ್ಷಣ ಒಂದು ದಿನ ಬಿಸಿ, ಒಂದು ದಿನ ತಣ್ಣಗೆ ಎಂಬುದಲ್ಲ. ವಾರದಿಂದ ವಾರಕ್ಕೆ ಯಂತ್ರ ಓಡುವ ಹೊತ್ತು ಹೆಚ್ಚುತ್ತ, ನೀರಿನ ಬಿಸಿ ಇಳಿಯುತ್ತ ಹೋಗುವುದು ಅದರ ಲಕ್ಷಣ. ಸೋರಿದ ಜಾಗದಲ್ಲಿ ಅನೇಕ ವೇಳೆ ಎಣ್ಣೆಯ ಕಲೆ ಕಾಣುತ್ತದೆ. ಮೆಕ್ಯಾನಿಕ್ಕಿಗೆ ನೀವು ಹೀಗೆ ಕೇಳಿ: ‘ಸೋರಿಕೆ ಎಲ್ಲಿದೆ ಎಂದು ನೈಟ್ರೋಜನ್ ಹಾಕಿ ತೋರಿಸಿ, ಬೆಸೆದ ಮೇಲೆ ವ್ಯಾಕ್ಯೂಮ್ ಮಾಡಿ, ಯಂತ್ರದ ಫಲಕದಲ್ಲಿ ಬರೆದಿರುವಷ್ಟೇ ಗ್ರಾಂ ಗ್ಯಾಸನ್ನು ತೂಕದ ಮೇಲೆ ಹಾಕಿ.’ ತೂಕದ ಯಂತ್ರವನ್ನೇ ತರದೆ ಅಂದಾಜಿನ ಮೇಲೆ ತುಂಬಿಸುವವರನ್ನು ಹಿಂದಕ್ಕೆ ಕಳಿಸಿ. ಹೆಚ್ಚಾದ ಗ್ಯಾಸ್ ಕೂಡ ಒತ್ತಡ ಏರಿಸಿ ಯಂತ್ರವನ್ನು ನಿಲ್ಲಿಸುತ್ತದೆ. ಫಲಕದಲ್ಲಿ ಆರ್ 32 ಅಥವಾ ಆರ್ 290 ಎಂದಿದ್ದರೆ ಅದು ಹೊತ್ತಿಕೊಳ್ಳುವ ಗ್ಯಾಸ್. ಅಂಥ ಯಂತ್ರದಲ್ಲಿ ಉಳಿದ ಗ್ಯಾಸನ್ನು ಪೂರ್ತಿ ಹೊರತೆಗೆಯದೆ, ಕೊಳವೆಗೆ ನೈಟ್ರೋಜನ್ ಹಾಯಿಸದೆ ಬೆಸುಗೆಯ ಬೆಂಕಿ ಹಚ್ಚಲು ಯಾರಿಗೂ ಅವಕಾಶ ಕೊಡಬೇಡಿ. ಮುಚ್ಚಿದ ಯುಟಿಲಿಟಿಯಲ್ಲಿದ್ದರೆ ಮೊದಲು ಕಿಟಕಿಗಳನ್ನೆಲ್ಲ ತೆರೆಸಿ.